ಬೋಧಕ ತಪ್ಪಿದರೆ ಗ್ರಂಥ ತಪ್ಪೇ?



ಕಾರವಾರದಿಂದ ಅಂಕೋಲೆಯ ಕಡೆಗೆ ಹೆದ್ದಾರಿ ಹಿಡಿದು ಹೊರಟರೆ ಬಿಣಗಾ, ಅರ್ಗಾ ದಾಟಿದ ಮೇಲೆ ಚೆಂಡಿಯಾ ಎಂಬ ಊರು ಸಿಗುತ್ತದೆ. ಒಂದು ಬದಿಗೆ ಸಹ್ಯಾದ್ರಿಯ ಗುಡ್ಡ, ಇನ್ನೊಂದು ಬದಿಗೆ ಅರಬ್ಬೀ ಸಮುದ್ರ, ನಡುವೆ ಗದ್ದೆ, ತೆಂಗು, ಮನೆಗಳು. ನಾನು ಬೆಳೆದದ್ದು ಅಲ್ಲಿ. ಇಂದು ನಿಮ್ಮೊಂದಿಗೆ ಮಾತನಾಡಬೇಕೆಂದಿರುವ ವಿಷಯ ಬೈಬಲಿನ ಪ್ರವಾದನೆಗಳ ಅಧ್ಯಯನ. ಅದನ್ನು ಕಲಿಸಿದವರು ಅನೇಕ ಸಲ ತಪ್ಪಿದ್ದಾರೆ. ಹಾಗಿದ್ದೂ ಅದನ್ನು ಓದುವುದರಿಂದ ಪ್ರಯೋಜನ ಉಂಟೇ? ಇದು ನನ್ನ ಪ್ರಶ್ನೆ. ಯಾರನ್ನೂ ಯಾವ ಮತಕ್ಕೂ ಕರೆಯುವ ಉದ್ದೇಶ ನನಗಿಲ್ಲ. ನಂಬುವುದು, ಬಿಡುವುದು ನಿಮ್ಮ ನಿಮ್ಮ ಮನಸ್ಸಿಗೆ ಸೇರಿದ್ದು. ಆದರೆ ಓದುವುದು ಹೇಗೆ ಎಂಬ ಪ್ರಶ್ನೆ ಎಲ್ಲ ವಿದ್ಯಾರ್ಥಿಗಳಿಗೂ ಸೇರಿದ್ದು.

ಮೊದಲು ನನ್ನ ಕಥೆಯನ್ನೇ ಹೇಳಿಬಿಡುತ್ತೇನೆ. 1999ರಲ್ಲಿ ನಾನು ಪಿಯುಸಿ ಎರಡನೆಯ ವರ್ಷದಲ್ಲಿದ್ದೆ. ನಮ್ಮದು ಕೊಂಕಣಿ ಮಾತಾಡುವ ಕ್ರೈಸ್ತ ಮನೆ. ಆ ವರ್ಷ ಮಳೆಗಾಲ ಮುಗಿದ ಮೇಲೆ ಹೊರ ಊರಿನ ಬೋಧಕರೊಬ್ಬರು ನಮ್ಮ ಕಡೆಗೆ ಬರತೊಡಗಿದರು. ಸಂಜೆ ಹೊತ್ತು ಒಂದು ಮನೆಯ ಜಗುಲಿಯಲ್ಲಿ ಹತ್ತಾರು ಜನ ಸೇರುತ್ತಿದ್ದೆವು. ಅವರು ಗೋಡೆಗೆ ಒಂದು ದೊಡ್ಡ ನಕ್ಷೆ ತೂಗುಹಾಕಿ, ದಾನಿಯೇಲನ ಗ್ರಂಥದ ಮೃಗಗಳು, ಪ್ರಕಟನೆ ಗ್ರಂಥದ ಮುದ್ರೆಗಳು, ತುತೂರಿಗಳು ಎಲ್ಲವನ್ನೂ ಕೋಲಿನಿಂದ ತೋರಿಸಿ ಲೆಕ್ಕ ಹಾಕುತ್ತಿದ್ದರು. ಕೂಡಿಸಿ ಕಳೆದು ಕೊನೆಗೆ ಅವರಿಗೆ ಬಂದ ಉತ್ತರ: 1999ರ ಡಿಸೆಂಬರ್ ಮುಗಿಯುವ ಮೊದಲು ಲೋಕವೂ ಮುಗಿಯುತ್ತದೆ! ಆ ಕಾಲದಲ್ಲಿ ಪತ್ರಿಕೆಗಳ ತುಂಬ ಕಂಪ್ಯೂಟರುಗಳು ಹೊಸ ವರ್ಷದಂದು ಕೆಟ್ಟು ನಿಲ್ಲುತ್ತವೆಂಬ ಸುದ್ದಿಯೂ ಇತ್ತು. ಭಯಕ್ಕೆ ಭಯ ಜೊತೆಯಾಯಿತು.

ಪರೀಕ್ಷಾ ಶುಲ್ಕ ಕಟ್ಟಲು ತಾಯಿ ಹಣ ಕೊಟ್ಟರು. ಮೀನು ಮಾರಿ, ತೆಂಗಿನಕಾಯಿ ಮಾರಿ ಕೂಡಿಸಿದ ಹಣ ಅದು. ನಾನು ಕಟ್ಟಲಿಲ್ಲ. ಲೋಕವೇ ಇರದ ಮೇಲೆ ಮಾರ್ಚ್ ತಿಂಗಳ ಪರೀಕ್ಷೆ ಎಲ್ಲಿಯದು ಎಂದುಕೊಂಡೆ. ಡಿಸೆಂಬರ್ 31ರ ರಾತ್ರಿ ಪ್ರಾರ್ಥನೆ ಮಾಡುತ್ತ ಕುಳಿತಿದ್ದೆ. ಬೆಳಗಾಯಿತು. ಎಂದಿನಂತೆ ಹಾಲಿನವನು ಬಂದ, ದೋಣಿಗಳು ಸಮುದ್ರಕ್ಕೆ ಹೋದವು. ದಂಡ ಸಹಿತ ಶುಲ್ಕ ಕಟ್ಟುವ ದಿನಾಂಕವೂ ಆಗಲೇ ಮುಗಿದಿತ್ತು. ನನ್ನ ಒಂದು ವರ್ಷ ಹೋಯಿತು. ಬೋಧಕರು ಮತ್ತೆ ನಮ್ಮ ಊರಿಗೆ ಬರಲಿಲ್ಲ.

ನಾನು ಸಿಟ್ಟಿನಿಂದ ಬೈಬಲನ್ನು ಅಟ್ಟದ ಮೇಲೆ ಎಸೆದೆ. ತಾಯಿ, ಅವರನ್ನು ನಾವು ಮಾಯ್ ಎಂದೇ ಕರೆಯುವುದು, ಅದನ್ನು ಇಳಿಸಿ ತಂದು ಧೂಳು ಒರೆಸಿ ಕೇಳಿದರು: "ಪುತಾ, ಹೇಳಿದವರು ಹೋದರು. ಪುಸ್ತಕ ಇಲ್ಲೇ ಇದೆ. ನೀನು ಇದನ್ನು ಓದಿದ್ದೀಯಾ?"

ನನ್ನಲ್ಲಿ ಉತ್ತರವಿರಲಿಲ್ಲ. ನಾನು ಓದಿದ್ದು ಬೋಧಕರು ಕೊಟ್ಟ ಕಾಗದಗಳನ್ನು, ಬರೆದುಕೊಂಡದ್ದು ಅವರ ಲೆಕ್ಕವನ್ನು. ದಾನಿಯೇಲನ ಗ್ರಂಥವನ್ನು ಮೊದಲಿನಿಂದ ಕೊನೆಯವರೆಗೆ ಒಮ್ಮೆಯೂ ಓದಿರಲಿಲ್ಲ. ಅದು ಕೇವಲ ಹನ್ನೆರಡು ಅಧ್ಯಾಯಗಳ ಗ್ರಂಥ. ಒಂದು ಮಧ್ಯಾಹ್ನ ಸಾಕು! ಪಠ್ಯಪುಸ್ತಕ ಬಿಟ್ಟು ಗೈಡ್ ಓದಿ ನಪಾಸಾದವನು ಪಠ್ಯಪುಸ್ತಕವನ್ನು ಬೈದಂತೆ ನನ್ನ ಸ್ಥಿತಿಯಾಗಿತ್ತು. ಆ ವರ್ಷ ನನಗೆ ಬಿಡುವು ಬೇಕಾದಷ್ಟಿತ್ತು. ಓದಲು ತೊಡಗಿದೆ. ಆಗ ಕಂಡುಕೊಂಡ ಕೆಲವು ಸಂಗತಿಗಳನ್ನು, ಮುಂದೆ ಓದುತ್ತ ತಿಳಿದದ್ದನ್ನು ಸೇರಿಸಿ, ಈಗ ನಿಮ್ಮ ಮುಂದೆ ಇಡುತ್ತೇನೆ.

ಮೊದಲನೆಯದಾಗಿ, 'ಪ್ರವಾದಿ' ಎಂಬ ಪದವನ್ನೇ ನೋಡೋಣ. ಬಳ್ಳಾರಿಯಲ್ಲಿ ನೆಲೆಸಿದ್ದ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಮತ್ತು ಅವರ ಸಂಗಡಿಗರ ಶ್ರಮದಿಂದ 1831ರ ಹೊತ್ತಿಗೆ ಇಡೀ ಬೈಬಲ್ ಕನ್ನಡಕ್ಕೆ ಬಂತು. ಮುಂದೆ ಬಾಸೆಲ್ ಮಿಷನ್ನಿನವರೂ ಸೇರಿ ಅದನ್ನು ಮತ್ತೆ ಮತ್ತೆ ತಿದ್ದಿದರು. ನಮ್ಮ ಕೈಗೆ ಬಂದಿರುವ ಕನ್ನಡ ಬೈಬಲು ಕಣಿ ಹೇಳುವವ, ಜೋಯಿಸ, ಕಾಲಜ್ಞಾನಿ ಎಂಬ ಪದಗಳನ್ನು ಬಿಟ್ಟು 'ಪ್ರವಾದಿ' ಎಂಬ ಪದವನ್ನು ಹಿಡಿದಿದೆ. 'ವದ್' ಎಂದರೆ ನುಡಿ. ಪ್ರವಾದಿ ಎಂದರೆ ಎದುರು ನಿಂತು ನುಡಿಯುವವನು. ಗ್ರೀಕ್ ಭಾಷೆಯ ಮೂಲ ಪದಕ್ಕೂ ಇನ್ನೊಬ್ಬರ ಪರವಾಗಿ ನುಡಿಯುವವನು ಎಂಬ ಅರ್ಥವೇ ಇದೆ. ಮುಂದಾಗುವುದನ್ನು ಹೇಳುವುದು ಅವನ ಕೆಲಸದ ಒಂದು ಭಾಗ ಮಾತ್ರ.

ಆಮೋಸನನ್ನು ನೋಡಿ. ಕ್ರಿಸ್ತಪೂರ್ವ ಎಂಟನೆಯ ಶತಮಾನದವನು, ತೆಕೋವ ಎಂಬ ಹಳ್ಳಿಯ ಕುರಿಗಾಹಿ, ಅತ್ತಿಯ ಮರಗಳನ್ನು ನೋಡಿಕೊಳ್ಳುತ್ತಿದ್ದವನು. ಅವನ ಒಂಬತ್ತು ಅಧ್ಯಾಯಗಳಲ್ಲಿ ಹೆಚ್ಚು ಭಾಗ ಯಾವುದರ ಬಗ್ಗೆ? ಕಳ್ಳ ತೂಕ, ಸುಳ್ಳು ಅಳತೆ, ಸಾಲಕ್ಕೆ ಬಡವನನ್ನೇ ಮಾರುವವರು, ಲಂಚ ತಿಂದು ನ್ಯಾಯ ತಿರುಚುವವರು, ಇವರ ಬಗ್ಗೆ. ನಾಡು ನಾಶವಾಗುತ್ತದೆ ಎಂದು ಅವನು ಹೇಳಿದ್ದು ನಿಜ. ಆದರೆ ಏಕೆ ನಾಶವಾಗುತ್ತದೆ ಎಂಬುದನ್ನು ಅದಕ್ಕಿಂತ ಹೆಚ್ಚು ಹೇಳಿದ. ನಮ್ಮ ಜಗುಲಿಯ ನಕ್ಷೆಯಲ್ಲಿ ಆಮೋಸನಿಗೆ ಜಾಗವೇ ಇರಲಿಲ್ಲ.

ಎರಡನೆಯದು ನನ್ನ ಊರಿನ ಅನುಭವಕ್ಕೆ ಬಹಳ ಹತ್ತಿರವಾದದ್ದು. ನಿಮ್ಮಲ್ಲಿ ಕೆಲವರಿಗೆ ಗೊತ್ತಿರಬಹುದು, 1986ರ ಅಕ್ಟೋಬರಿನಲ್ಲಿ ಅಂದಿನ ಪ್ರಧಾನಿ ರಾಜೀವ್ ಗಾಂಧಿಯವರು ಕಾರವಾರದ ಬಳಿ ಸೀಬರ್ಡ್ ನೌಕಾನೆಲೆಗೆ ಅಡಿಗಲ್ಲು ಹಾಕಿದರು. ಕಾರವಾರ ಮತ್ತು ಅಂಕೋಲೆ ತಾಲೂಕುಗಳ 13 ಹಳ್ಳಿಗಳಿಂದ ನಾಲ್ಕು ಸಾವಿರಕ್ಕೂ ಹೆಚ್ಚು ಕುಟುಂಬಗಳು ಮನೆ, ಗದ್ದೆ ಬಿಟ್ಟು ಏಳಬೇಕಾಯಿತು. ಚೆಂಡಿಯಾದ ಭೂಮಿಯೂ ಅದರಲ್ಲಿ ಹೋಯಿತು. ಮೊದಲ ಹಂತ ಮುಗಿದು 2005ರ ಮೇ 31ರಂದು ಐಎನ್‌ಎಸ್ ಕದಂಬ ನೌಕಾನೆಲೆ ಸೇವೆಗೆ ಸೇರಿತು. ಈ ಎರಡು ತಾರೀಖುಗಳ ನಡುವೆ ಸುಮಾರು ಹತ್ತೊಂಬತ್ತು ವರ್ಷ. ಅಷ್ಟು ವರ್ಷವೂ ಅಂಗಡಿಯ ಕಟ್ಟೆಯ ಮೇಲೆ ಎರಡು ಬಗೆಯ ಮಾತು ಕೇಳುತ್ತಿತ್ತು. "ಯೋಜನೆ ಬರುವುದೇ ಇಲ್ಲ, ಇನ್ನೆರಡು ವರ್ಷ ತಡೆದರೆ ಎಲ್ಲ ರದ್ದಾಗುತ್ತದೆ" ಎನ್ನುವವರು ಕೆಲವರು. "ಬರುವುದು ಬಂದೇ ಬರುತ್ತದೆ, ಮಕ್ಕಳನ್ನು ಓದಿಸಿ, ಹೊಸ ಜಾಗದಲ್ಲಿ ಬಾವಿ ತೋಡಿ" ಎನ್ನುವವರು ಕೆಲವರು. ಮೊದಲ ಮಾತು ಕೇಳಲು ಹಿತವಾಗಿತ್ತು. ಅದನ್ನು ನಂಬಿ ಕುಳಿತವರಿಗೆ ಕೊನೆಯಲ್ಲಿ ತಯಾರಿಗೆ ಸಮಯವೇ ಇರಲಿಲ್ಲ.

ಯೆರೆಮೀಯನ ಗ್ರಂಥದ 28ನೆಯ ಅಧ್ಯಾಯ ಓದಿದಾಗ ನಾನು ಬೆರಗಾದೆ. ಅಲ್ಲಿಯೂ ಇದೇ ಮಾತು! ಕ್ರಿ.ಪೂ. 597ರಲ್ಲಿ ಬಾಬಿಲೋನಿನ ಅರಸ ನೆಬೂಕದ್ನೆಚ್ಚರನು ಯೆರೂಸಲೇಮಿನಿಂದ ಒಂದು ದೊಡ್ಡ ಗುಂಪನ್ನು ಸೆರೆ ಒಯ್ದಿದ್ದ. ಕೆಲವು ವರ್ಷಗಳ ನಂತರ ಹನನ್ಯ ಎಂಬ ಪ್ರವಾದಿ ದೇವಾಲಯದಲ್ಲಿ ಎಲ್ಲರ ಮುಂದೆ ಸಾರುತ್ತಾನೆ: ಎರಡೇ ವರ್ಷ, ಹೋದವರೆಲ್ಲ ಹಿಂತಿರುಗುತ್ತಾರೆ. ಯೆರೆಮೀಯನು ದಾಸತ್ವದ ಗುರುತಾಗಿ ತನ್ನ ಕೊರಳಿಗೆ ಹಾಕಿಕೊಂಡಿದ್ದ ಮರದ ನೊಗವನ್ನು ಹನನ್ಯ ಕಿತ್ತು ಮುರಿದು ಹಾಕುತ್ತಾನೆ. ಜನರಿಗೆ ಎಷ್ಟು ಸಂತೋಷವಾಗಿರಬೇಕು! ಯೆರೆಮೀಯ ಏನು ಮಾಡಿದ? ಜಗಳವಾಡಲಿಲ್ಲ. ನೀನು ಹೇಳಿದಂತೆ ಆಗಲಿ ಎಂದೇ ಮೊದಲು ಹಾರೈಸಿದ. ಆದರೆ ಸಮಾಧಾನವನ್ನು ಸಾರುವವನ ಮಾತು ನಡೆದು ತೋರಿದಾಗ ಮಾತ್ರ ಅವನು ನಿಜವಾದ ಪ್ರವಾದಿ ಎಂದು ತಿಳಿಯುತ್ತದೆ ಎಂಬ ಅರ್ಥದಲ್ಲಿ ನುಡಿದು, ನೊಗ ಮುರಿದ ಮೇಲೆ ಸುಮ್ಮನೆ ಹೊರಟುಹೋದ. ಆಮೇಲೆ ದೇವರ ಮಾತು ಬಂತೆಂದು ತಿರುಗಿ ಬಂದು, ಮರದ ನೊಗದ ಬದಲು ಕಬ್ಬಿಣದ ನೊಗ ಬಂದೀತು ಎಂದ.

ಇನ್ನೂ ಮುಂದಿನ ಅಧ್ಯಾಯದಲ್ಲಿ ಅವನು ಬಾಬಿಲೋನಿನಲ್ಲಿದ್ದ ಸೆರೆಯವರಿಗೆ ಬರೆದ ಕಾಗದವಿದೆ. ಮನೆ ಕಟ್ಟಿಕೊಳ್ಳಿ, ತೋಟ ಮಾಡಿಕೊಳ್ಳಿ, ಮಕ್ಕಳ ಮದುವೆ ಮಾಡಿ, ನೀವಿರುವ ಊರಿನ ಕ್ಷೇಮವನ್ನು ಹಾರೈಸಿ. ಎಪ್ಪತ್ತು ವರ್ಷಗಳ ಲೆಕ್ಕ ಇದು, ಎರಡು ವರ್ಷದ್ದಲ್ಲ ಎಂಬುದು ಅದರ ತಾತ್ಪರ್ಯ. ನಮ್ಮ ಪುನರ್ವಸತಿ ಕಾಲೊನಿಗಳಲ್ಲಿ ತೆಂಗಿನ ಸಸಿ ನೆಟ್ಟ ಹಿರಿಯರು ನನಗೆ ಆಗ ನೆನಪಾದರು.

ಮುಂದೆ ಏನಾಯಿತು? ಕ್ರಿ.ಪೂ. 587 ಅಥವಾ 586ರಲ್ಲಿ ಯೆರೂಸಲೇಮು ಸುಟ್ಟುಹೋಯಿತು. ಕ್ರಿ.ಪೂ. 539ರಲ್ಲಿ ಪಾರಸಿಯ ಅರಸ ಕೋರೆಷನು ಬಾಬಿಲೋನನ್ನು ಗೆದ್ದ. ಯೆಹೂದ್ಯರು ಹಿಂದಿರುಗುವ ದಾರಿ ತೆರೆಯಿತು. ಈಗ ನೀವು ಎಪ್ಪತ್ತರ ಲೆಕ್ಕ ಹಾಕಿ ನೋಡಿ. ಯೆರೂಸಲೇಮು ಬಿದ್ದ ವರ್ಷದಿಂದ ಎಣಿಸಿದರೆ 539ಕ್ಕೆ ಐವತ್ತೂ ತುಂಬುವುದಿಲ್ಲ. ಅಸ್ಸೀರಿಯದ ರಾಜ್ಯ ಪೂರ್ತಿ ಅಳಿದು ಬಾಬಿಲೋನು ಮೇಲಾದ 609ರಿಂದ ಎಣಿಸಿದರೆ ಸರಿಯಾಗಿ ಎಪ್ಪತ್ತು. ದೇವಾಲಯ ಬಿದ್ದ 586ರಿಂದ ಅದನ್ನು ಮತ್ತೆ ಕಟ್ಟಿ ಮುಗಿಸಿದ ಸುಮಾರು 516ರವರೆಗೆ ಎಣಿಸಿದರೂ ಎಪ್ಪತ್ತು. ಎಪ್ಪತ್ತು ಎಂದರೆ ಒಂದು ಮನುಷ್ಯನ ಆಯುಷ್ಯ ಎಂದಷ್ಟೇ ತಿಳಿಯಬೇಕು ಎನ್ನುವವರೂ ಇದ್ದಾರೆ. ನಡೆದುಹೋದ ಪ್ರವಾದನೆಯ ಲೆಕ್ಕದಲ್ಲೇ ಇಷ್ಟು ದಾರಿಗಳಿರುವಾಗ, ನಡೆಯಬೇಕಾದದ್ದರ ದಿನಾಂಕವನ್ನು ಕೋಲು ಹಿಡಿದು ತೋರಿಸುವವರು ಎಷ್ಟು ಎಚ್ಚರದಿಂದಿರಬೇಕು!

ಯೆರೆಮೀಯನ 32ನೆಯ ಅಧ್ಯಾಯವನ್ನಂತೂ ನೀವು ಓದಲೇಬೇಕು. ಊರಿಗೆ ಶತ್ರುಗಳ ಮುತ್ತಿಗೆ ಬಿದ್ದಿದೆ. ಊರು ಬೀಳುತ್ತದೆ ಎಂದು ಹೇಳಿದ್ದಕ್ಕೇ ಯೆರೆಮೀಯನು ಕಾವಲಿನಲ್ಲಿದ್ದಾನೆ. ಆಗ ಅವನ ಚಿಕ್ಕಪ್ಪನ ಮಗ ಬಂದು ಅನಾತೋತಿನ ಹೊಲವನ್ನು ಕೊಂಡುಕೊ ಎನ್ನುತ್ತಾನೆ. ಶತ್ರುವಿನ ಕೈಯಲ್ಲಿರುವ ಹೊಲ! ಯೆರೆಮೀಯ 17 ಶೆಕೆಲ್ ಬೆಳ್ಳಿ ತೂಗಿ ಕೊಟ್ಟು, ಸಾಕ್ಷಿ ಹಾಕಿಸಿ, ಕ್ರಯಪತ್ರ ಬರೆಸಿ, ಅದು ಬಹುಕಾಲ ಉಳಿಯಲೆಂದು ಮಣ್ಣಿನ ಗಡಿಗೆಯಲ್ಲಿ ಇಡಿಸುತ್ತಾನೆ. ಈ ನಾಡಿನಲ್ಲಿ ಮತ್ತೆ ಮನೆ, ಹೊಲಗಳ ಕ್ರಯ ನಡೆಯುವ ಕಾಲ ಬರುತ್ತದೆ ಎಂಬ ನಂಬಿಕೆಯನ್ನು ಅವನು ತೋರಿಸಿದ್ದು ಹೀಗೆ. ಎಲ್ಲ ಮುಗಿಯಿತು ಎನ್ನುವ ಹೊತ್ತಿನಲ್ಲಿ ಪ್ರವಾದಿ ಹೊಲ ಕೊಂಡ. ಎಲ್ಲ ಮುಗಿಯುತ್ತದೆ ಎಂದು ನಂಬಿ ನಾನು ಪರೀಕ್ಷಾ ಶುಲ್ಕ ಕಟ್ಟದೆ ಉಳಿದೆ. ಈ ಎರಡನ್ನೂ ಪಕ್ಕದಲ್ಲಿಟ್ಟು ನೋಡಿದಾಗ ನಾನು ಕಲಿತದ್ದು ಪ್ರವಾದನೆಯೇ ಅಲ್ಲ ಎಂಬುದು ನನಗೆ ಗೊತ್ತಾಯಿತು.

ಮೂರನೆಯದಾಗಿ, ಹೇಳಿದ್ದು ನಡೆಯದಿದ್ದರೆ ಅದು ಯಾವಾಗಲೂ ಸುಳ್ಳೇ? ಇದಕ್ಕೆ ಬೈಬಲಿನೊಳಗೇ ಎರಡು ಸ್ವಾರಸ್ಯಕರ ಪ್ರಸಂಗಗಳಿವೆ. ಮೀಕ ಎಂಬ ಹಳ್ಳಿಯ ಪ್ರವಾದಿ ಯೆರೂಸಲೇಮು ಹೊಲದಂತೆ ಉತ್ತುಹೋಗುವುದು ಎಂದಿದ್ದ. ಅವನ ಕಾಲದಲ್ಲಿ ಹಾಗಾಗಲಿಲ್ಲ. ಸುಮಾರು ನೂರು ವರ್ಷಗಳ ನಂತರ ಯೆರೆಮೀಯನನ್ನು ಕೊಲ್ಲಬೇಕೆಂದು ಜನ ಕೂಗುವಾಗ ಹಿರಿಯರು ಎದ್ದು ನಿಂತು ಆ ಮೀಕನನ್ನು ನೆನೆಯುತ್ತಾರೆ. ಅರಸ ಹಿಜ್ಕೀಯ ಅವನನ್ನು ಕೊಲ್ಲಲಿಲ್ಲ, ಅವನ ಮಾತು ಕೇಳಿ ತಿದ್ದಿಕೊಂಡ, ಆದ್ದರಿಂದ ಕೇಡು ತಪ್ಪಿತು ಎನ್ನುತ್ತಾರೆ. ಯೋನನ ಕಥೆ ನಿಮಗೆಲ್ಲ ಗೊತ್ತು. ನಲವತ್ತು ದಿನಗಳಲ್ಲಿ ನಿನೆವೆ ಅಳಿಯುವುದೆಂದು ಸಾರಿದ, ಜನ ಪಶ್ಚಾತ್ತಾಪಪಟ್ಟರು, ಊರು ಉಳಿಯಿತು. ತನ್ನ ಮಾತು ನಡೆಯಲಿಲ್ಲವೆಂದು ಯೋನನೇ ಮುನಿಸಿಕೊಂಡು ಕುಳಿತ!

ಇದನ್ನು ನಮ್ಮ ಜಿಲ್ಲೆಯ ಮಾತಿನಲ್ಲಿ ಹೇಳುತ್ತೇನೆ. 2009ರ ಅಕ್ಟೋಬರ್ 2ರಂದು ಕಾರವಾರದ ಹತ್ತಿರ ಝರಿವಾಡದಲ್ಲಿ ಗುಡ್ಡ ಜಾರಿ ಮನೆಗಳನ್ನು ಮುಚ್ಚಿತು. 2024ರ ಜುಲೈ 16ರಂದು ಅಂಕೋಲೆ ತಾಲೂಕಿನ ಶಿರೂರಿನಲ್ಲಿ ಹೆದ್ದಾರಿಯ ಮೇಲೆಯೇ ಗುಡ್ಡ ಕುಸಿಯಿತು. ಗುಡ್ಡದ ಬುಡವನ್ನು ನೆಟ್ಟಗೆ ಕಡಿದರೆ, ನೀರು ಹರಿಯುವ ದಾರಿ ಮುಚ್ಚಿದರೆ, ಒಂದು ದಿನ ಅದು ಬೀಳುತ್ತದೆ ಎಂದು ಭೂವಿಜ್ಞಾನ ತಿಳಿದವರು ಹೇಳುತ್ತಾರೆ. ಅವರು ತಾರೀಖು ಹೇಳಲಾರರು. ಅವರ ಮಾತು ಕೇಳಿ ಇಳಿಜಾರು ಸರಿಪಡಿಸಿ, ಗುಡ್ಡ ಬೀಳದೆ ಉಳಿದರೆ, "ನೋಡಿ, ಇವರು ಹೇಳಿದ್ದು ಸುಳ್ಳಾಯಿತು" ಎನ್ನುತ್ತೇವೆಯೇ? ಎಚ್ಚರಿಕೆ ಕೊಡುವವನ ಗೆಲುವು ಕೇಡು ತಪ್ಪುವುದರಲ್ಲಿದೆ. ಪ್ರವಾದನೆಗಳಲ್ಲಿ ಬಹುಭಾಗ ಈ ಜಾತಿಯ ಮಾತು.

ಇನ್ನು ತಪ್ಪಿದ ಬೋಧಕರ ವಿಷಯಕ್ಕೆ ಬರೋಣ. ನಮ್ಮ ಜಗುಲಿಗೆ ಬಂದವರು ಮೊದಲಿಗರೂ ಅಲ್ಲ, ಕೊನೆಯವರೂ ಅಲ್ಲ. ಅಮೆರಿಕದ ನ್ಯೂಯಾರ್ಕ್ ರಾಜ್ಯದಲ್ಲಿ ವಿಲಿಯಂ ಮಿಲ್ಲರ್ ಎಂಬ ರೈತರಿದ್ದರು. ಪ್ರಾಮಾಣಿಕ ಮನುಷ್ಯ. ದಾನಿಯೇಲನ ಎಂಟನೆಯ ಅಧ್ಯಾಯದ 2300 ದಿನಗಳನ್ನು 2300 ವರ್ಷಗಳೆಂದು ಹಿಡಿದು, ಕ್ರಿ.ಪೂ. 457ರಿಂದ ಎಣಿಸಿ, 1843ರ ಹೊತ್ತಿಗೆ ಕ್ರಿಸ್ತನು ಬರುವನೆಂದು ಸಾರಿದರು. 2300ರಲ್ಲಿ 457 ಕಳೆದರೆ 1843. ಆದರೆ ಕ್ರಿಸ್ತಪೂರ್ವ 1ರ ನಂತರ ನೇರವಾಗಿ ಕ್ರಿಸ್ತಶಕ 1 ಬರುತ್ತದೆ, ನಡುವೆ ಸೊನ್ನೆಯ ವರ್ಷವಿಲ್ಲ. ಆ ಒಂದನ್ನು ಸೇರಿಸಿದರೆ 1844! ಕೊನೆಗೆ ಅವರ ಅನುಯಾಯಿಗಳು 1844ರ ಅಕ್ಟೋಬರ್ 22 ಎಂದು ದಿನ ಗೊತ್ತುಮಾಡಿದರು. ಸಾವಿರಾರು ಜನ ಕಾದರು. ಕೆಲವರು ಹೊಲದ ಬೆಳೆಯನ್ನೂ ಕೀಳದೆ ಬಿಟ್ಟರು. ದಿನ ಕಳೆಯಿತು. ಚರಿತ್ರೆಯಲ್ಲಿ ಅದಕ್ಕೆ 'ಮಹಾ ನಿರಾಶೆ' ಎಂದೇ ಹೆಸರು.

ನಮ್ಮ ಕಾಲದಲ್ಲೂ ಹೆರಾಲ್ಡ್ ಕ್ಯಾಂಪಿಂಗ್ ಎಂಬ ಅಮೆರಿಕದ ರೇಡಿಯೊ ಬೋಧಕರು ಮೊದಲು 1994 ಎಂದರು, ನಂತರ 2011ರ ಮೇ 21 ಎಂದರು, ಅದೂ ಕಳೆದಾಗ ಅಕ್ಟೋಬರ್ 21 ಎಂದರು. ಅವರು ಎಂಜಿನಿಯರಿಂಗ್ ಓದಿದವರು, ಲೆಕ್ಕ ಬಾರದವರಲ್ಲ. ಒಂದು ಮಾತನ್ನು ಮಾತ್ರ ಅವರ ಪರವಾಗಿ ಹೇಳಬೇಕು. 2012ರ ಮಾರ್ಚಿನಲ್ಲಿ ಅವರು ತಮ್ಮದು ತಪ್ಪು, ಪಾಪ ಎಂದು ಬಹಿರಂಗವಾಗಿ ಒಪ್ಪಿಕೊಂಡರು. ಇನ್ನು ಮುಂದೆ ಬೈಬಲನ್ನು ಇನ್ನೂ ಶ್ರದ್ಧೆಯಿಂದ ಓದುತ್ತೇವೆ, ಆದರೆ ದಿನಾಂಕ ಹುಡುಕುವುದಕ್ಕಲ್ಲ ಎಂಬ ಅರ್ಥದ ಮಾತನ್ನೂ ಹೇಳಿದರು.

ಇದಕ್ಕೆ ಹೋಲಿಸಲು ವಿಜ್ಞಾನದ ವಿದ್ಯಾರ್ಥಿಗಳಿಗೆ ಪರಿಚಯವಿರುವ ಒಬ್ಬರನ್ನು ನೆನಪಿಸುತ್ತೇನೆ. ಐಸಾಕ್ ನ್ಯೂಟನ್ನರು ದಾನಿಯೇಲನ ಗ್ರಂಥವನ್ನೂ ಪ್ರಕಟನೆಯನ್ನೂ ದಶಕಗಳ ಕಾಲ ಅಧ್ಯಯನ ಮಾಡಿದರು. ಆ ಕುರಿತ ಅವರ ಪುಸ್ತಕ ಅವರು ತೀರಿಕೊಂಡ ಮೇಲೆ 1733ರಲ್ಲಿ ಅಚ್ಚಾಯಿತು. ಪ್ರವಾದನೆಗಳನ್ನು ಕೊಟ್ಟಿರುವುದು ಓದುವವರೇ ಪ್ರವಾದಿಗಳಾಗಿ ಮುಂದಿನದನ್ನು ಹೇಳಲೆಂದಲ್ಲ, ಘಟನೆ ನಡೆದ ಮೇಲೆ ಅರ್ಥ ತಿಳಿಯಲೆಂದು ಎಂಬುದು ಅದರಲ್ಲಿ ಅವರ ನಿಲುವು. ಅವರ ಒಂದು ಹಸ್ತಪ್ರತಿಯಲ್ಲಿ 2060 ಎಂಬ ವರ್ಷದ ಮಾತು ಬರುವುದು ನಿಜ. ಆದರೆ ಇದಕ್ಕಿಂತ ಮೊದಲು ಅಂತ್ಯ ಬರಲು ಕಾರಣ ಕಾಣುವುದಿಲ್ಲ ಎಂದು, ಅವಸರದಿಂದ ದಿನಾಂಕ ಹೇಳುವವರ ಬಾಯಿ ಮುಚ್ಚಿಸುವುದಕ್ಕಾಗಿಯೇ ಅವರು ಅದನ್ನು ಬರೆದದ್ದು.

ಈಗ ನಮ್ಮ ಮೂಲ ಪ್ರಶ್ನೆಗೆ ಬರುತ್ತೇನೆ. ಇಷ್ಟು ಜನ ತಪ್ಪಿದ ಮೇಲೆ ಈ ವಿಷಯವನ್ನೇ ಬಿಟ್ಟುಬಿಡುವುದು ಒಳ್ಳೆಯದಲ್ಲವೇ? ನಾನು ಅಲ್ಲ ಎನ್ನುತ್ತೇನೆ. ಕಾರಣ, ತಪ್ಪುವ ಬೋಧಕರ ಬಗ್ಗೆ ಮೊದಲು ಎಚ್ಚರಿಸಿದ್ದೇ ಆ ಗ್ರಂಥ. ಧರ್ಮೋಪದೇಶಕಾಂಡದ 18ನೆಯ ಅಧ್ಯಾಯ, ಪ್ರವಾದಿ ಹೇಳಿದ್ದು ನಡೆಯದಿದ್ದರೆ ಅವನಿಗೆ ಹೆದರಬೇಡ ಎನ್ನುತ್ತದೆ. ಅದೇ ಕಾಂಡದ 13ನೆಯ ಅಧ್ಯಾಯ ಇನ್ನೂ ಮುಂದೆ ಹೋಗಿ, ಹೇಳಿದ್ದು ನಡೆದರೂ ಅಷ್ಟೇ ಸಾಲದು, ಅವನು ನಿನ್ನನ್ನು ಎತ್ತ ಕರೆದೊಯ್ಯುತ್ತಾನೆಂದು ನೋಡು ಎನ್ನುತ್ತದೆ. ಬೆರೋಯದ ಜನ ಪೌಲನಂಥ ಪೌಲನ ಮಾತನ್ನೂ ದಿನ ದಿನ ಗ್ರಂಥ ತೆರೆದು ಪರೀಕ್ಷಿಸಿದರು; ಅದಕ್ಕಾಗಿ ಅವರನ್ನು ಹೊಗಳಲಾಗಿದೆ. ಅದೇ ಪೌಲನು ಥೆಸಲೊನೀಕದವರಿಗೆ ಬರೆಯುವಾಗ, ಪ್ರವಾದನೆಗಳನ್ನು ಹೀನೈಸಬೇಡಿ ಎಂದೂ, ಎಲ್ಲವನ್ನೂ ಪರೀಕ್ಷಿಸಿ ಒಳ್ಳೆಯದನ್ನು ಹಿಡಿದುಕೊಳ್ಳಿ ಎಂದೂ ಒಟ್ಟಿಗೇ ಹೇಳಿದ್ದಾನೆ. ಆ ದಿನ, ಆ ಗಳಿಗೆ ಯಾರಿಗೂ ತಿಳಿಯದು ಎಂದು ಯೇಸುವೇ ಹೇಳಿದ್ದು ಮತ್ತಾಯನ ಸುವಾರ್ತೆಯಲ್ಲಿದೆ. ಇದನ್ನು ನಾನು 1999ರಲ್ಲಿ ಒಮ್ಮೆ ಓದಿದ್ದರೆ ಸಾಕಾಗಿತ್ತು. ಬೋಧಕರ ಲೆಕ್ಕದಿಂದ ನನ್ನನ್ನು ಕಾಪಾಡಬಹುದಾಗಿದ್ದ ಮಾತು ಅವರು ಕೈಯಲ್ಲಿ ಹಿಡಿದಿದ್ದ ಗ್ರಂಥದಲ್ಲೇ ಇತ್ತು!

ನಮ್ಮ ಕನ್ನಡ ನಾಡಿಗೆ ಈ ಸಮಸ್ಯೆ ಹೊಸದಲ್ಲ. ಕೊಡೇಕಲ್ಲ ಬಸವಣ್ಣನವರ ಪರಂಪರೆಯಲ್ಲಿ, ಕೈವಾರದ ತಾತಯ್ಯನವರ ಹೆಸರಿನಲ್ಲಿ ಕಾಲಜ್ಞಾನದ ಮಾತುಗಳು ಉಳಿದು ಬಂದಿವೆ. ನಾಡಿನಲ್ಲಿ ಏನೇ ನಡೆದರೂ ಇದು ಕಾಲಜ್ಞಾನದಲ್ಲಿ ಮೊದಲೇ ಇತ್ತು ಎನ್ನುವವರನ್ನು ನೀವು ನೋಡಿರುತ್ತೀರಿ. ಆ ಮಾತುಗಳಲ್ಲಿ ಆಳುವವರ ಅನ್ಯಾಯದ ಬಗ್ಗೆ, ಜನರ ನಡತೆಯ ಬಗ್ಗೆ ಇರುವ ಕಳಕಳಿಯನ್ನು ಓದುವವರು ಕಡಿಮೆ. ಯಾವ ಧರ್ಮದ ಗ್ರಂಥವಾದರೂ ಓದುವ ಶಿಸ್ತು ಒಂದೇ.

ಆ ಶಿಸ್ತನ್ನು ನಾಲ್ಕು ಪ್ರಶ್ನೆಗಳಾಗಿ ಹೇಳಬಹುದು. ಪುಸ್ತಕದ ಅಂಚಿನಲ್ಲಿ ಬರೆದಿಟ್ಟುಕೊಳ್ಳಿ.

ಒಂದು: ಈ ಮಾತನ್ನು ಯಾರು, ಯಾರಿಗೆ, ಯಾವ ಕಾಲದಲ್ಲಿ ಹೇಳಿದರು? ಪ್ರಕಟನೆ ಗ್ರಂಥ ತೆರೆದರೆ ಮೊದಲಿಗೇ ಎಫೆಸ, ಸ್ಮುರ್ನ ಮೊದಲಾದ ಏಳು ಊರುಗಳ ಸಭೆಗಳ ಹೆಸರಿದೆ. ಇಂದಿನ ತುರ್ಕಿ ದೇಶದ ಪಶ್ಚಿಮ ಭಾಗದ ಊರುಗಳು ಅವು. ರೋಮ್ ಸಾಮ್ರಾಜ್ಯದ ಕೆಳಗೆ ಕಷ್ಟದಲ್ಲಿದ್ದ ಆ ಜನಕ್ಕೆ ಅದು ಏನನ್ನು ಹೇಳಿತು ಎಂಬುದನ್ನು ತಿಳಿಯದೆ ಇಂದಿನ ಪತ್ರಿಕೆಯ ಸುದ್ದಿಯನ್ನು ಅದರಲ್ಲಿ ಹುಡುಕಬಾರದು.

ಎರಡು: ಇದು ಯಾವ ಬಗೆಯ ಬರಹ? ಎಚ್ಚರಿಕೆಯೇ, ವಾಗ್ದಾನವೇ, ಕಾವ್ಯವೇ, ಕನಸಿನ ವರ್ಣನೆಯೇ? ಕಾವ್ಯವನ್ನು ಪಂಚಾಂಗದಂತೆ ಓದಿದರೆ ಎರಡೂ ಕೆಡುತ್ತವೆ.

ಮೂರು: ಇದರಲ್ಲಿ ಗ್ರಂಥದ ಮಾತೆಷ್ಟು, ಬೋಧಕರ ಮಾತೆಷ್ಟು? ದಾನಿಯೇಲನಲ್ಲಿ 2300 ಎಂಬ ಸಂಖ್ಯೆ ಇದೆ. 1844 ಎಂಬುದು ಇಲ್ಲ. ವಿದ್ವಾಂಸರಲ್ಲೂ ಮತಭೇದಗಳಿವೆ. ದಾನಿಯೇಲನ ಗ್ರಂಥ ಈಗಿನ ರೂಪಕ್ಕೆ ಬಂದದ್ದು ಕ್ರಿ.ಪೂ. ಎರಡನೆಯ ಶತಮಾನದಲ್ಲಿ ಎನ್ನುವವರು ಹೆಚ್ಚು. ಆರನೆಯ ಶತಮಾನದ್ದೇ ಎನ್ನುವವರೂ ಇದ್ದಾರೆ. ಇದನ್ನು ಮುಚ್ಚಿಡದೆ ಹೇಳುವ ಬೋಧಕರು ಸಿಕ್ಕರೆ ಅವರನ್ನು ಬಿಡಬೇಡಿ.

ನಾಲ್ಕು: ಇದನ್ನು ನಂಬಿದರೆ ನಾನು ಏನು ಮಾಡಬೇಕಾಗುತ್ತದೆ? ಆಮೋಸನನ್ನು ನಂಬಿದರೆ ತಕ್ಕಡಿ ಸರಿಮಾಡಿಕೊಳ್ಳಬೇಕು. ಯೆರೆಮೀಯನನ್ನು ನಂಬಿದರೆ ಕಷ್ಟಕಾಲದಲ್ಲೂ ಸಸಿ ನೆಡಬೇಕು. ಓದು ಬಿಡು, ಔಷಧ ಬಿಡು, ಮನೆಯವರಿಗೆ ಹೇಳದೆ ಹಣ ತಂದುಕೊಡು ಎನ್ನುವವರು ಯಾರೇ ಆಗಿರಲಿ, ಯಾವ ಗ್ರಂಥವನ್ನೇ ಹಿಡಿದಿರಲಿ, ಅಲ್ಲಿಂದ ಎದ್ದು ಬನ್ನಿ. ಮನೆಯ ಹಿರಿಯರಿಗೋ ನಿಮ್ಮ ಅಧ್ಯಾಪಕರಿಗೋ ಆ ದಿನವೇ ತಿಳಿಸಿ.

ಮಾನವ ಬೋಧಕರಿಲ್ಲದೆ ಯಾವ ವಿದ್ಯೆಯೂ ಬರುವುದಿಲ್ಲ, ತಪ್ಪದ ಬೋಧಕರು ಯಾರೂ ಇಲ್ಲ. ತಾಂಡೇಲನು ಒಂದು ದಿನ ದಿಕ್ಕು ತಪ್ಪಿದನೆಂದು ಮೀನುಗಾರರು ಸಮುದ್ರಕ್ಕೆ ಹೋಗುವುದನ್ನು ಬಿಡುವುದಿಲ್ಲ. ಮುಂದಿನ ಸಲ ತಾವೂ ಗುಡ್ಡದ ಗುರುತು ನೋಡಿಕೊಳ್ಳುತ್ತಾರೆ. 1947ರಲ್ಲಿ ಮೃತ ಸಮುದ್ರದ ದಡದ ಗುಹೆಯಲ್ಲಿ ಯೆಶಾಯನ ಗ್ರಂಥದ ಸುರುಳಿ ಸಿಕ್ಕಿತು. ಏಳು ಮೀಟರಿಗಿಂತ ಉದ್ದ, ಎರಡು ಸಾವಿರ ವರ್ಷಕ್ಕಿಂತ ಹಳೆಯದು. ಅಲ್ಲಿಯವರೆಗೆ ಗೊತ್ತಿದ್ದ ಹೀಬ್ರೂ ಪ್ರತಿಗಳಿಗಿಂತ ಅದು ಸುಮಾರು ಸಾವಿರ ವರ್ಷ ಹಿಂದಿನದು. ಹೋಲಿಸಿ ನೋಡಿದಾಗ ಸಣ್ಣಪುಟ್ಟ ವ್ಯತ್ಯಾಸಗಳು ಬಹಳ ಸಿಕ್ಕಿದರೂ ಗ್ರಂಥ ಅದೇ ಆಗಿತ್ತು. ಆ ಸಾವಿರ ವರ್ಷಗಳಲ್ಲಿ ಅದನ್ನು ವಿವರಿಸಿದ ಎಷ್ಟೋ ಬೋಧಕರು ಬಂದು ಹೋದರು. ಅವರಲ್ಲಿ ತಪ್ಪು ಹೇಳಿದವರೂ ಇದ್ದರು, ಸರಿಯಾಗಿ ಹೇಳಿದವರೂ ಇದ್ದರು. ಹೆಸರೂ ಗೊತ್ತಿಲ್ಲದ ಯಾರೋ ಅಕ್ಷರ ಅಕ್ಷರ ನೋಡಿ ಪ್ರತಿ ಮಾಡಿದರು. ಅವರಿಂದಾಗಿ ಓದುವ ಅವಕಾಶ ನಮಗೆ ಉಳಿದಿದೆ.

ಮರುವರ್ಷ ನಾನು ಶುಲ್ಕ ಕಟ್ಟಿ ಪರೀಕ್ಷೆಗೆ ಕುಳಿತು ಪಾಸಾದೆ. ಶುಲ್ಕಕ್ಕೆಂದು ಮಾಯ್ ಮೊದಲು ಕೊಟ್ಟಿದ್ದ ಹಣವನ್ನು ನಾನು ಆ ಬೈಬಲಿನೊಳಗೇ ಇಟ್ಟಿದ್ದೆ; ಅಟ್ಟದಿಂದ ಇಳಿಸಿದಾಗ ಅವರಿಗೆ ಅದು ಸಿಕ್ಕಿತ್ತಂತೆ. ಒಂದು ಮಾತೂ ಆಡದೆ ಹಾಗೆಯೇ ಇಟ್ಟು, ಮರುವರ್ಷ ಅದನ್ನೇ ನನ್ನ ಕೈಗೆ ಕೊಟ್ಟರು. ಈಗ ನನಗೆ ಆ ಬೋಧಕರ ಮೇಲೆ ಸಿಟ್ಟಿಲ್ಲ. ಅವರು ಎಲ್ಲಿಯಾದರೂ ಇದ್ದರೆ, ಅವರೂ ಆ ಪುಸ್ತಕವನ್ನು ಮತ್ತೊಮ್ಮೆ ಮೊದಲಿನಿಂದ ಓದಿರಲಿ ಎಂದು ಹಾರೈಸುತ್ತೇನೆ.

ನೀವೂ ಓದಿ. ಯೆರೆಮೀಯನ ಆ ಮೂರು ಅಧ್ಯಾಯಗಳಿಂದ ತೊಡಗಿ: 28, 29, 32. ಓದಿ, ಗುರುತು ಹಾಕಿಕೊಳ್ಳಿ, ನಿಮ್ಮ ಅಧ್ಯಾಪಕರನ್ನು ಕೇಳಿ. ನಾನು ಇಲ್ಲಿ ಹೇಳಿದ್ದರಲ್ಲಿ ತಪ್ಪು ಕಂಡರೆ ಅದನ್ನೂ ಗುರುತು ಹಾಕಿಕೊಳ್ಳಿ. ನಾನೂ ತಪ್ಪಬಲ್ಲ ಬೋಧಕನೇ.